ಐದರಲ್ಲಿ ನಾಲ್ಕು ಪಿಕ್ಸೆಲ್ ಟಿವಿಯ ಸ್ವಂತದ್ದು

ಎಲ್ಲರಿಗೂ ನಮಸ್ಕಾರ.

ಟಿವಿ ತಂತ್ರಜ್ಞಾನದ ಬಗ್ಗೆ ಮಾತಾಡುವವನು ಎಂದು ಗೊತ್ತಾದರೆ ಸಾಕು, ಜನ ಹೇಳಿಕೊಳ್ಳುವ ದೂರು ಹೆಚ್ಚುಕಮ್ಮಿ ಒಂದೇ. "ದೊಡ್ಡ ಎಚ್‌ಡಿ ಟಿವಿ ತಂದಿದ್ದೇವೆ. ಎಚ್‌ಡಿ ಚಾನೆಲ್ ಹಾಕಿದರೆ ಕಣ್ಣಿಗೆ ಹಬ್ಬ. ಎಸ್‌ಡಿ ಚಾನೆಲ್ ಹಾಕಿದರೆ ಹಳೆಯ ಡಬ್ಬಾ ಟಿವಿಯೇ ಎಷ್ಟೋ ವಾಸಿ ಅನ್ನಿಸುತ್ತದೆ. ಟಿವಿಯಲ್ಲೇ ಏನಾದರೂ ದೋಷವೇ?" ಟಿವಿಯಲ್ಲಿ ದೋಷವಿಲ್ಲ. (ಎಚ್‌ಡಿ ಅಂದರೆ ಹೈ ಡೆಫಿನಿಷನ್, ಎಸ್‌ಡಿ ಅಂದರೆ ಹಳೆಯ ಸ್ಟ್ಯಾಂಡರ್ಡ್ ಡೆಫಿನಿಷನ್.) ಆದರೆ ಇದಕ್ಕೆ ಎಲ್ಲರೂ ಕೊಡುವ ಉತ್ತರ, ಅಂದರೆ "ಎಸ್‌ಡಿಯಲ್ಲಿ ಪಿಕ್ಸೆಲ್ ಕಡಿಮೆ, ಅದಕ್ಕೇ ಹಾಗೆ" ಅನ್ನುವುದು, ಅರ್ಧ ಮಾತ್ರ ಸರಿ.

ಯಾಕೆ ಅರ್ಧ? ಒಂದು ಒಳ್ಳೆಯ ಡಿವಿಡಿ ತಗೊಳ್ಳಿ. ಅದರಲ್ಲಿರುವ ಚಿತ್ರವೂ 720 × 576 ಪಿಕ್ಸೆಲ್, ಅಂದರೆ ಅಗಲಕ್ಕೆ 720, ಎತ್ತರಕ್ಕೆ 576 ಚುಕ್ಕೆ. ಟಿವಿ ಚಿತ್ರ ಸೆಕೆಂಡಿಗೆ 50ರ ಬದಲು 60 ಸಲ ಮೂಡುವ, ಅಂದರೆ 60 ಹರ್ಟ್ಸ್ ದೇಶಗಳಲ್ಲಾದರೆ 720 × 480. ಎಸ್‌ಡಿ ಚಾನೆಲ್ಲಿಗೂ ಇದೇ ಅಳತೆ. ಅದೇ ಟಿವಿ, ಅದೇ ಕುರ್ಚಿ, ಅದೇ ಸಿನಿಮಾ. ಡಿವಿಡಿಯಲ್ಲಿ ನೋಡಿದರೆ ತುಸು ಮೆತ್ತಗಿದ್ದರೂ ಹಿತವಾಗಿರುತ್ತದೆ, ಹತ್ತು ನಿಮಿಷ ಕಳೆದ ಮೇಲೆ ಅದು ಎಸ್‌ಡಿ ಅನ್ನುವುದೇ ಮರೆತುಹೋಗುತ್ತದೆ. ಚಾನೆಲ್ಲಿನಲ್ಲಿ ಬಂದರೆ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. ಪಿಕ್ಸೆಲ್ ಲೆಕ್ಕ ಸರಿಸಮ ಇದ್ದೂ ಇಷ್ಟು ಅಂತರ ಇದೆ ಅಂದಮೇಲೆ, ಮುಖ್ಯ ಆರೋಪಿಯನ್ನು ಬೇರೆಡೆ ಹುಡುಕಬೇಕು.

ಆದರೂ ಪಿಕ್ಸೆಲ್ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. 720 × 576 ಅಂದರೆ 4,14,720 ಪಿಕ್ಸೆಲ್. 1920 × 1080ರ ಪರದೆಯಲ್ಲಿ 20,73,600. ಭಾಗಿಸಿ ನೋಡಿ, ಕರಾರುವಾಕ್ಕಾಗಿ ಐದು ಪಟ್ಟು. 3840 × 2160ರ 4ಕೆ ಪರದೆಯಾದರೆ ಇಪ್ಪತ್ತು ಪಟ್ಟು. ಅಂದರೆ ಅಗಲದ ಎಸ್‌ಡಿ ಚಿತ್ರ ಎಚ್‌ಡಿ ಪರದೆಯನ್ನು ತುಂಬಿದಾಗ ನೀವು ನೋಡುವ ಪ್ರತಿ ಐದು ಪಿಕ್ಸೆಲ್‌ಗಳಲ್ಲಿ ನಾಲ್ಕು ಯಾವ ಕ್ಯಾಮೆರಾವೂ ಕಂಡಿದ್ದಲ್ಲ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ, ನಡುವೆ ಇಂಥದ್ದಿರಬಹುದು ಎಂದು ಟಿವಿ ಊಹಿಸಿ ತುಂಬಿದ್ದು. ಇದಕ್ಕೇ ಅಪ್‌ಸ್ಕೇಲಿಂಗ್ ಅನ್ನುವುದು. ನಿಜ ಹೇಳಬೇಕೆಂದರೆ ಉಳಿದ ಐದನೆಯದೂ ಅಸಲಿಯಲ್ಲ. ಪಿಕ್ಸೆಲ್‌ಗಳ ಒಂದು ಅಡ್ಡಸಾಲಿಗೆ ಗೆರೆ ಅನ್ನುತ್ತಾರೆ. 576 ಗೆರೆಯನ್ನು 1080 ಮಾಡಲು 1.875ರಿಂದ ಗುಣಿಸಬೇಕು. ಪೂರ್ಣಸಂಖ್ಯೆ ಅಲ್ಲದ್ದರಿಂದ ಹಳೆಯ ಗೆರೆ ಹೊಸ ಗೆರೆಯ ಮೇಲೆ ನೇರವಾಗಿ ಕೂರುವುದೇ ಅಪರೂಪ.

ಇನ್ನು ದೂರದ ವಿಚಾರ. ವೇದಿಕೆಯ ಮೇಲೆ 55 ಇಂಚಿನ ಟಿವಿ ಇದೆ, ಎಸ್‌ಡಿ ಚಿತ್ರ ಓಡುತ್ತಿದೆ. ಹೇಗಿದೆ ಎಂದು ನಾನು ಕೇಳಿದಾಗ ಸಭೆಯ ಮುಂದಿನ ಸಾಲಿನವರು ಮುಖ ಕಿವಿಚಿದರು, ಹಿಂದಿನವರು "ಚೆನ್ನಾಗೇ ಇದೆಯಲ್ಲ" ಅಂದರು. ಇಬ್ಬರೂ ಸರಿ. ಸಾಮಾನ್ಯ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಸುಮಾರು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗವನ್ನು. ಎರಡೂವರೆ ಮೀಟರ್ ದೂರದಲ್ಲಿ ಅದು ಸುಮಾರು 0.73 ಮಿಲಿಮೀಟರ್. ಈಗ 21 ಇಂಚಿನ ಹಳೆಯ ಟಿವಿಯನ್ನು ನೆನಪಿಸಿಕೊಳ್ಳಿ. ಪರದೆಯ ಎತ್ತರ 32 ಸೆಂಟಿಮೀಟರ್, ಅದರಲ್ಲಿ 576 ಗೆರೆ, ಒಂದೊಂದರ ಎತ್ತರ 0.56 ಮಿಲಿಮೀಟರ್. ಕಣ್ಣಿನ ಮಿತಿಗಿಂತ ಕಡಿಮೆ, ಹಾಗಾಗಿ ಗೆರೆ ಕಾಣಿಸುತ್ತಲೇ ಇರಲಿಲ್ಲ. 55 ಇಂಚಿನ ಪರದೆಯ ಎತ್ತರ 68.5 ಸೆಂಟಿಮೀಟರ್. ಅದೇ 576 ಗೆರೆ ಇಲ್ಲಿ 1.19 ಮಿಲಿಮೀಟರ್ ಆಗಿಬಿಡುತ್ತದೆ, ಅದೇ ಕುರ್ಚಿಯಿಂದ ಕಣ್ಣಿಗೆ ಸಿಗುತ್ತದೆ. ಇದೇ ಪರದೆಗೆ 1080 ಗೆರೆಯ ಚಿತ್ರ ಬಂದರೆ ಒಂದು ಗೆರೆ 0.63, ಮತ್ತೆ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಇದು ಆಕಸ್ಮಿಕ ಅಲ್ಲ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1960ರ ದಶಕದಲ್ಲಿ ಶುರುಮಾಡಿದ ಸಂಶೋಧನೆ 1125 ಗೆರೆಗಳ ಎಚ್‌ಡಿ ವ್ಯವಸ್ಥೆಯಾಗಿ ಬೆಳೆಯಿತಲ್ಲ, ಅದರ ಹಿಂದಿದ್ದ ಆಲೋಚನೆಯೇ ಪರದೆಯ ಎತ್ತರದ ಮೂರು ಪಟ್ಟು ದೂರದಲ್ಲಿ ಕೂತು ನೋಡುವುದು. ಎಸ್‌ಡಿಗೆ ಅದೇ ಲೆಕ್ಕ ಹಾಕಿದರೆ ಆರು ಪಟ್ಟು ಬರುತ್ತದೆ. 55 ಇಂಚಿನ ಟಿವಿಗೆ ಎಚ್‌ಡಿ ನೋಡಲು 2.2 ಮೀಟರ್ ಸಾಕು, ಎಸ್‌ಡಿ ನೋಡಲು 4.1 ಮೀಟರ್ ಬೇಕು. ಚಾನೆಲ್ ಬದಲಾಯಿಸಿದಾಗೆಲ್ಲ ಸೋಫಾ ಎಳೆದಾಡುವುದಕ್ಕಾಗುವುದಿಲ್ಲ.

ಪಿಕ್ಚರ್ ಟ್ಯೂಬ್ ಟಿವಿಗೆ ಇನ್ನೊಂದು ಅನುಕೂಲವೂ ಇತ್ತು. ಅಲ್ಲಿ ಎಲೆಕ್ಟ್ರಾನ್ ಕಿರಣ ಬಿಡಿಸುವ ಚುಕ್ಕೆಗೆ ಅಂಚು ಇಲ್ಲ. ನಡುವೆ ಪ್ರಖರ, ಬದಿಗೆ ಹೋಗುತ್ತಾ ಮಂಕು. ಒಂದು ಗೆರೆ ಪಕ್ಕದ ಗೆರೆಯೊಳಗೆ ತಾನಾಗಿ ಕರಗುತ್ತಿತ್ತು. ಎಲ್‌ಸಿಡಿ ಮತ್ತು ಒಎಲ್‌ಇಡಿ ಪರದೆಗಳಲ್ಲಿ ಪಿಕ್ಸೆಲ್ ಅಂದರೆ ಗಡಿ ಹಾಕಿದ ಚೌಕ. ಕೊಟ್ಟಿದ್ದನ್ನು ಇದ್ದ ಹಾಗೆ ತೋರಿಸುತ್ತವೆ. ಹಳೆಯ ಟ್ಯೂಬ್ ಮುಚ್ಚಿಹಾಕುತ್ತಿದ್ದ ಹುಳುಕೆಲ್ಲ ಇಲ್ಲಿ ಹೊರಬೀಳುತ್ತದೆ.

ಈಗ ಮುಖ್ಯ ಆರೋಪಿಗಳತ್ತ ಬರೋಣ. ಇಬ್ಬರಿದ್ದಾರೆ, ಒಬ್ಬ ತುಂಬ ಹಳಬ.

ಹಳಬನ ಹೆಸರು ಇಂಟರ್‌ಲೇಸಿಂಗ್. 1936ರಲ್ಲಿ ಬಿಬಿಸಿ ಲಂಡನ್ನಿನಲ್ಲಿ ಟಿವಿ ಪ್ರಸಾರ ಶುರುಮಾಡಿದಾಗ ಬಳಸಿದ ಮಾರ್ಕೋನಿ-ಇಎಮ್‌ಐ ವ್ಯವಸ್ಥೆಯ 405 ಗೆರೆಗಳ ಚಿತ್ರವೇ ಇಂಟರ್‌ಲೇಸ್ ಆಗಿತ್ತು. ಉಪಾಯ ಚೆನ್ನಾಗಿತ್ತು: ಪೂರ್ತಿ ಚಿತ್ರವನ್ನು ಒಮ್ಮೆಗೇ ಕಳಿಸಬೇಡ, ಮೊದಲು ಬೆಸ ಗೆರೆಗಳು, ಮುಂದಿನ ಕ್ಷಣ ಸಮ ಗೆರೆಗಳು. ಈ ಒಂದೊಂದು ಅರ್ಧಕ್ಕೆ ಫೀಲ್ಡ್ ಎಂದು ಹೆಸರು. ಸೆಕೆಂಡಿಗೆ 50 ಫೀಲ್ಡ್ ಬರುವುದರಿಂದ ಚಿತ್ರ ಮಿನುಗುವುದಿಲ್ಲ, ಆದರೆ ಬೇಕಾಗುವ ಬ್ಯಾಂಡ್‌ವಿಡ್ತ್, ಅಂದರೆ ಪ್ರಸಾರದ ಜಾಗ, ಅರ್ಧ ಮಾತ್ರ. ಪಿಕ್ಚರ್ ಟ್ಯೂಬ್ ಕೂಡ ಗೆರೆಗಳನ್ನು ಅದೇ ಕ್ರಮದಲ್ಲಿ ಬಿಡಿಸುತ್ತಿದ್ದರಿಂದ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಎಲ್‌ಸಿಡಿ ಹಾಗೆ ಬಿಡಿಸುವುದಿಲ್ಲ, ಅದಕ್ಕೆ ಪೂರ್ತಿ ಚಿತ್ರವೇ ಬೇಕು. ಹಾಗಾಗಿ ಟಿವಿ ಎರಡು ಫೀಲ್ಡುಗಳನ್ನು ಸೇರಿಸಿ ಒಂದು ಚಿತ್ರ ಮಾಡಬೇಕು. ಸಮಸ್ಯೆ ಏನೆಂದರೆ ಅವೆರಡೂ ಒಂದೇ ಕ್ಷಣದವಲ್ಲ, ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಓಡುವವನ ಕೈ ಮುಂದೆ ಹೋಗಿರುತ್ತದೆ. ಸುಮ್ಮನೆ ಹೆಣೆದುಬಿಟ್ಟರೆ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲು ಮೂಡುತ್ತದೆ. ಅದು ಬೇಡವೆಂದು ಒಂದೇ ಫೀಲ್ಡನ್ನು ಎಳೆದು ಚಿತ್ರ ಮಾಡಿದರೆ ಉಳಿಯುವುದು 288 ಗೆರೆ, ಎಸ್‌ಡಿಯ ಅರ್ಧ. ಒಳ್ಳೆಯ ಟಿವಿಗಳು ಚಿತ್ರದ ಯಾವ ಭಾಗ ಅಲುಗಾಡುತ್ತಿದೆ, ಯಾವುದು ನಿಂತಿದೆ ಎಂದು ಜಾಗಜಾಗಕ್ಕೆ ನೋಡಿ, ನಿಂತಲ್ಲಿ ಹೆಣೆಯುತ್ತವೆ, ಅಲುಗುವಲ್ಲಿ ಊಹಿಸುತ್ತವೆ.

ಊಹೆ ತಪ್ಪುವುದನ್ನು ನೋಡಬೇಕಾದರೆ ಕನ್ನಡಕ ಹಾಕಿದ ವಾರ್ತಾವಾಚಕರನ್ನು ಗಮನಿಸಿ. ಅವರು ನೇರ ಕೂತಿರುವಷ್ಟು ಹೊತ್ತು ಕನ್ನಡಕದ ತೆಳು ತಂತಿ ನೆಟ್ಟಗಿರುತ್ತದೆ. ತಲೆ ಆಡಿಸಿದ ಕೂಡಲೇ ತಂತಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ತಲೆ ನಿಂತರೆ ಮತ್ತೆ ಕೂಡಿಕೊಳ್ಳುತ್ತದೆ. ಪರದೆಯ ಕೆಳಗೆ ಓಡುವ ಸುದ್ದಿ ಪಟ್ಟಿಯ ಅಕ್ಷರಗಳಂತೂ ನಿಲ್ಲುವುದೇ ಇಲ್ಲವಲ್ಲ, ಅವು ಅರ್ಧ ಗೆರೆಗಳಲ್ಲೇ ಬದುಕಬೇಕು. ಒತ್ತಕ್ಷರ ಇದ್ದರೆ ಕಥೆ ಮುಗಿಯಿತು.

ಡಿವಿಡಿ ಸಿನಿಮಾ ಪಾರಾಗುವುದು ಇಲ್ಲಿಯೇ. ಸಿನಿಮಾ ಚಿತ್ರೀಕರಣ ಆಗಿರುವುದು ಪೂರ್ತಿ ಪೂರ್ತಿ ಫ್ರೇಮುಗಳಲ್ಲಿ. 50 ಹರ್ಟ್ಸ್ ವ್ಯವಸ್ಥೆಯಲ್ಲಿ ಒಂದೇ ಫ್ರೇಮನ್ನು ಎರಡು ಫೀಲ್ಡುಗಳಾಗಿ ಸೀಳಿರುತ್ತಾರೆ, ಎರಡೂ ಒಂದೇ ಕ್ಷಣದವು. ಟಿವಿ ಅದನ್ನು ಗುರುತಿಸಿದರೆ ಏನೂ ನಷ್ಟವಿಲ್ಲದೆ ವಾಪಸು ಹೆಣೆಯಬಹುದು. ಟಿವಿ ಮೆನುವಿನಲ್ಲಿ "ಫಿಲ್ಮ್ ಮೋಡ್" ಅಥವಾ "ಸಿನಿಮಾ ಮೋಡ್" ಎಂಬ ಹೆಸರಿನಲ್ಲಿ ಅಡಗಿರುವುದು ಹಲವು ಟಿವಿಗಳಲ್ಲಿ ಇದೇ. ಸ್ಟುಡಿಯೋ ಕ್ಯಾಮೆರಾದಿಂದ ನೇರ ಬಂದ ಕ್ರೀಡೆಗೆ, ವಾರ್ತೆಗೆ ಈ ಭಾಗ್ಯವಿಲ್ಲ.

ಎರಡನೆಯ ಆರೋಪಿ ಕಂಪ್ರೆಷನ್, ಅಂದರೆ ಚಿತ್ರದ ಮಾಹಿತಿಯನ್ನು ಹಿಂಡಿ ಚಿಕ್ಕದು ಮಾಡುವುದು. ನನ್ನ ತೀರ್ಪಿನಲ್ಲಿ ದೊಡ್ಡ ಪಾಲು ಇವನದೇ.

ಎಸ್‌ಡಿ ಚಾನೆಲ್ಲುಗಳಲ್ಲಿ ಬಹುಕಾಲ ರಾಜ್ಯವಾಳಿದ್ದು ಎಂಪೆಗ್-2 ಎಂಬ ಕಂಪ್ರೆಷನ್ ವಿಧಾನ. ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿ ಕಣ್ಣಿಗೆ ಅಷ್ಟಾಗಿ ಬೀಳದ ವಿವರವನ್ನು ಬಿಸಾಡುವುದು ಇದರ ರೀತಿ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರುವ ಮಾಹಿತಿ, ಧಾರಾಳವಾಗಿದ್ದರೆ ಬಿಸಾಡಿದ್ದು ಗೊತ್ತಾಗುವುದಿಲ್ಲ. ಡಿವಿಡಿಯಲ್ಲಿ ವಿಡಿಯೋಗೆ ಸೆಕೆಂಡಿಗೆ 9.8 ಮೆಗಾಬಿಟ್ ತನಕ ಅವಕಾಶವಿದೆ, ಮೇಲಾಗಿ ಮೊದಲೇ ಕೂತು ನಿಧಾನವಾಗಿ ಕಂಪ್ರೆಸ್ ಮಾಡಿರುತ್ತಾರೆ. ಪ್ರಸಾರದ ಕಥೆ ಬೇರೆ. ಅಲ್ಲಿ ಉಪಗ್ರಹದ ಒಂದೇ ಟ್ರಾನ್ಸ್‌ಪಾಂಡರಿನಲ್ಲಿ, ಅಂದರೆ ಒಂದೇ ಪ್ರಸಾರ ದಾರಿಯಲ್ಲಿ, ಹಲವು ಚಾನೆಲ್ಲು, ಎಲ್ಲರೂ ಒಂದೇ ಬಿಟ್ ರಾಶಿಯನ್ನು ಹಂಚಿಕೊಳ್ಳಬೇಕು, ಅದೂ ನಡೆಯುತ್ತಿರುವ ಕ್ಷಣದಲ್ಲೇ. ಪಕ್ಕದ ಚಾನೆಲ್ಲಿನಲ್ಲಿ ಪಂದ್ಯ ಜೋರಾದರೆ ನಿಮ್ಮ ಧಾರಾವಾಹಿಯ ಪಾಲು ಕುಗ್ಗಬಹುದು. ಸಾಲದ್ದಕ್ಕೆ ಕೆಲವು ಚಾನೆಲ್ಲುಗಳು ಅಗಲದಲ್ಲಿ 720ರ ಬದಲು 544 ಅಥವಾ 480 ಪಿಕ್ಸೆಲ್ ಮಾತ್ರ ಕಳಿಸುತ್ತವೆ. ಅಲ್ಲಿಗೆ ನಾನು ಹೇಳಿದ ಐದು ಪಟ್ಟು ಎಂಬ ಲೆಕ್ಕವೂ ಉದಾರದ್ದಾಯಿತು.

ಆಗ ಏನಾಗುತ್ತದೆ ಎಂದು ಹತ್ತಿರದಿಂದ ನೋಡೋಣ. ಫುಟ್‌ಬಾಲ್ ಮೈದಾನ. ಕ್ಯಾಮೆರಾ ನಿಂತಾಗ ಹುಲ್ಲಿನ ಎಳೆ ಎಳೆ ಅಲ್ಲದಿದ್ದರೂ ಹುಲ್ಲಿನ ಒರಟು ಕಾಣುತ್ತದೆ. ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿದ ಕೂಡಲೇ ಇಡೀ ಚಿತ್ರ ಬದಲಾಗುತ್ತದೆ, ಬಿಟ್ ಸಾಲುವುದಿಲ್ಲ, ಹುಲ್ಲು ಹಸಿರು ಬಣ್ಣ ಬಳಿದ ಸಿಮೆಂಟು ನೆಲದಂತೆ ನುಣ್ಣಗಾಗುತ್ತದೆ, ಅದರ ಮೇಲೆ ಚೌಕಗಳು ಎದ್ದು ನಿಲ್ಲುತ್ತವೆ. ಕ್ಯಾಮೆರಾ ನಿಂತ ಅರ್ಧ ಸೆಕೆಂಡಿನಲ್ಲಿ ಹುಲ್ಲು ಮತ್ತೆ ಚಿಗುರುತ್ತದೆ. ಆ ಚೌಕದ ಅಳತೆ ಗೊತ್ತೇ? 8 ಗೆರೆ ಅಂದರೆ 21 ಇಂಚಿನ ಟಿವಿಯಲ್ಲಿ ನಾಲ್ಕೂವರೆ ಮಿಲಿಮೀಟರ್. ಈ 55 ಇಂಚಿನಲ್ಲಿ ಒಂಬತ್ತೂವರೆ, ಹತ್ತಿರಹತ್ತಿರ ಒಂದು ಸೆಂಟಿಮೀಟರ್. ನಾಲ್ಕು ಚೌಕ ಸೇರಿದ ಮ್ಯಾಕ್ರೋಬ್ಲಾಕ್ ಆದರೆ ಎರಡು ಸೆಂಟಿಮೀಟರಿನ ಹತ್ತಿರ. ಒಂದು ಗೆರೆ ಕಾಣದಷ್ಟು ದೂರ ಹೋದರೂ ಇದು ನಿಮ್ಮನ್ನು ಬಿಡುವುದಿಲ್ಲ. ಹಿಂದಿನ ಸಾಲಿನವರಿಗೂ ಕಣ್ಣಿಗೆ ಬೀಳುವ ದೋಷ ಇದೊಂದೇ.

ಬಣ್ಣದ ಬಗ್ಗೆ ಎರಡೇ ಮಾತು. ಕಣ್ಣಿಗೆ ಬಣ್ಣದ ಸೂಕ್ಷ್ಮ ಅಷ್ಟಾಗಿ ತಿಳಿಯದು ಎಂದು ಬಣ್ಣದ ಮಾಹಿತಿಯನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧ ಮಾಡಿಯೇ ಕಳಿಸುತ್ತಾರೆ. ಎಸ್‌ಡಿಯಲ್ಲಿ ಅದು 360 × 288. ಎಚ್‌ಡಿ ಪರದೆಗೆ ಹಿಗ್ಗಿಸಿದಾಗ ಬಣ್ಣದ ಒಂದೊಂದು ಮಾಪನವೂ 20 ಪಿಕ್ಸೆಲ್‌ಗಳಿಗೆ ಹಂಚಿಕೆಯಾಗಬೇಕು. ಕೆಂಪು ಅಂಗಿಯ ಅಂಚು ಹಿನ್ನೆಲೆಗೆ ಸೋರಿದಂತೆ ಕಾಣುವುದು ಇದರಿಂದ. ಹಾಗೆಯೇ ಎಸ್‌ಡಿಗೆ ಒಂದು ಬಣ್ಣದ ಸೂತ್ರ, ಎಚ್‌ಡಿಗೆ ಇನ್ನೊಂದು. ಮಧ್ಯದ ಪೆಟ್ಟಿಗೆ ಯಾವುದೋ ಒಂದನ್ನು ತಪ್ಪಾಗಿ ಹಚ್ಚಿದರೆ ಕೆಂಪು, ಹಸಿರು ತುಸು ಜರುಗುತ್ತವೆ. ಹೆಚ್ಚಿನವರು ಗಮನಿಸುವುದಿಲ್ಲ, ಬಿಡಿ.

ಇಷ್ಟು ದೋಷ ಹೊತ್ತು ಬಂದ ಚಿತ್ರಕ್ಕೆ ಟಿವಿ ಏನು ಮಾಡುತ್ತದೆ? ಅಲಂಕಾರ ಮಾಡುತ್ತದೆ. ನನ್ನ ನಿಜವಾದ ತಕರಾರು ಇದರ ಮೇಲೆ. ಶಾರ್ಪ್‌ನೆಸ್ ಎಂಬ ಗುಂಡಿ ಚಿತ್ರಕ್ಕೆ ಹೊಸ ವಿವರ ತರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಮಾಡುವುದು ಅಂಚುಗಳನ್ನು ಹುಡುಕಿ, ಒಂದು ಬದಿಯನ್ನು ಇನ್ನೂ ಬೆಳ್ಳಗೆ, ಇನ್ನೊಂದನ್ನು ಇನ್ನೂ ಕಪ್ಪಗೆ ಮಾಡುವುದು. ಕಂಪ್ರೆಷನ್ ಚೌಕಕ್ಕೂ ಅಂಚಿದೆಯಲ್ಲ? ಗುಂಡಿಗೆ ಅದು ಮೂಗಿನ ಅಂಚೋ ಚೌಕದ ಅಂಚೋ ಗೊತ್ತಾಗುವುದಿಲ್ಲ. ಎರಡನ್ನೂ ಚೂಪು ಮಾಡುತ್ತದೆ. ಕಣ್ಣು ಕುಕ್ಕುವ "ವಿವಿಡ್" ಮೋಡಿನಲ್ಲಿ ಶಾರ್ಪ್‌ನೆಸ್ ಮೇಲಕ್ಕೇ ಇಟ್ಟಿರುತ್ತಾರೆ. ಎಸ್‌ಡಿ ಹಾಕಿ, ಪರದೆಯ ಮೇಲಿನ ಬಿಳಿ ಅಥವಾ ಕಪ್ಪು ಅಕ್ಷರಗಳ ಹತ್ತಿರ ಹೋಗಿ ನೋಡಿ. ಸುತ್ತ ಪ್ರಭಾವಳಿ ಕಂಡರೆ ಅದು ಹೋಗುವವರೆಗೆ ಶಾರ್ಪ್‌ನೆಸ್ ಇಳಿಸಿ. ಕೆಲವು ಟಿವಿಗಳಲ್ಲಿ ಸೊನ್ನೆಯೇ ಸಹಜ ಸ್ಥಿತಿ, ಕೆಲವದರಲ್ಲಿ ನಡುಮಟ್ಟ, ಹಾಗಾಗಿ ಅಂಕಿ ಹೇಳುವುದಿಲ್ಲ. ಮೊದಲ ದಿನ ಚಿತ್ರ ಮಸುಕಾದಂತೆ ಅನ್ನಿಸುತ್ತದೆ. ಆಮೇಲೆ ಹಳೆಯ ಮಟ್ಟಕ್ಕೆ ಏರಿಸಿ ನೋಡಿದರೆ ಇದನ್ನು ಹೇಗೆ ಸಹಿಸಿಕೊಂಡಿದ್ದೆ ಅನ್ನಿಸುತ್ತದೆ.

ಚಿತ್ರದ ಮೇಲಿನ ಕಾಳುಕಾಳು ಒರೆಸುವ ನಾಯ್ಸ್ ರಿಡಕ್ಷನ್ ವಿಚಾರದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ಎಚ್‌ಡಿಗೆ ಅದು ಬೇಡವೇ ಬೇಡ. ಎಸ್‌ಡಿಗೆ "ಲೋ" ಮಟ್ಟದಲ್ಲಿಟ್ಟರೆ ಚೌಕಗಳು ಸ್ವಲ್ಪ ಕರಗುತ್ತವೆ. "ಹೈ" ಮಾಡಿದರೆ ಮುಖಗಳು ಮೇಣದ ಬೊಂಬೆ. ಚಲನೆ ನುಣುಪು ಮಾಡುವ ಸೌಲಭ್ಯವನ್ನು ಎಸ್‌ಡಿಗೆ ಮುಚ್ಚಿಟ್ಟರೇ ಒಳ್ಳೆಯದು. ಮೊದಲೇ ಹರಕಾದ ಅಂಚುಗಳ ನಡುವೆ ಇನ್ನಷ್ಟು ಫ್ರೇಮು ಹುಟ್ಟಿಸಲು ಹೋಗಿ ಎಡವುತ್ತದೆ. ತೊಡಕು ಏನೆಂದರೆ ಹಲವು ಟಿವಿಗಳು ಸೆಟ್ಟಿಂಗ್ ನೆನಪಿಟ್ಟುಕೊಳ್ಳುವುದು ಎಚ್‌ಡಿಎಂಐ ಕಿಂಡಿಗೆ ಒಂದರಂತೆ. ಎಸ್‌ಡಿ, ಎಚ್‌ಡಿ ಎರಡೂ ಒಂದೇ ಸೆಟ್‌ಟಾಪ್ ಬಾಕ್ಸಿನಿಂದ ಬರುವುದರಿಂದ ಎರಡು ಪಿಕ್ಚರ್ ಮೋಡ್‌ಗಳನ್ನು ಬೇರೆಬೇರೆ ಹೊಂದಿಸಿ, ರಿಮೋಟಿನಿಂದ ಬದಲಿಸಿಕೊಳ್ಳುವುದೇ ದಾರಿ.

ಬಾಕ್ಸಿನ ವಿಷಯ ಬಂದಾಗ ಹೇಳಿಬಿಡುತ್ತೇನೆ. ಬಾಕ್ಸನ್ನು ಸದಾ 1080ಕ್ಕೆ ಕಟ್ಟಿಹಾಕಿದ್ದರೆ ಎಸ್‌ಡಿ ಚಿತ್ರವನ್ನು ಹೆಣೆದು ಹಿಗ್ಗಿಸುವ ಕೆಲಸವನ್ನು ಬಾಕ್ಸಿನೊಳಗಿನ ಅಗ್ಗದ ಚಿಪ್ಪು ಮಾಡುತ್ತದೆ. ಟಿವಿ ತನಗೆ ಬಂದದ್ದು ಎಚ್‌ಡಿ ಎಂದೇ ತಿಳಿದು ಸುಮ್ಮನಿರುತ್ತದೆ. ಬಾಕ್ಸಿನ ಮೆನುವಿನಲ್ಲಿ "ನೇಟಿವ್" ಅಥವಾ "ಒರಿಜಿನಲ್" ಎಂಬ ಆಯ್ಕೆ ಇದ್ದರೆ ಒಮ್ಮೆ ಹಾಕಿ ಹೋಲಿಸಿ. ಚಾನೆಲ್ ಬದಲಿಸಿದಾಗ ಒಂದೆರಡು ಕ್ಷಣ ಪರದೆ ಕಪ್ಪಾಗುತ್ತದೆ, ಅದೊಂದು ಕಿರಿಕಿರಿ. ಇನ್ನು ಹೊಸ ಟಿವಿಗೂ ಹಳೆಯ ಹಳದಿ ಪಿನ್ನಿನ ವೈರನ್ನೇ ಚುಚ್ಚಿದ್ದರೆ ದಯವಿಟ್ಟು ಇಂದೇ ಕಿತ್ತುಹಾಕಿ. ಅದರಲ್ಲಿ ಬೆಳಕಿನ ಮತ್ತು ಬಣ್ಣದ ಸಂಕೇತ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ, ಟಿವಿ ಅವನ್ನು ಪೂರ್ತಿ ಬೇರ್ಪಡಿಸಲಾರದು. ಸಣ್ಣ ಪಟ್ಟೆಯ ಅಂಗಿಯ ಮೇಲೆ ಕಾಮನಬಿಲ್ಲು ಹರಿದಾಡುವುದು ಈ ವೈರಿನ ಕೃಪೆ.

ಪರದೆ ತುಂಬಿಸುವ ಹುಚ್ಚಿನ ಬಗ್ಗೆಯೂ ಹೇಳಲೇಬೇಕು. ಅಗಲ-ಎತ್ತರದ ಪ್ರಮಾಣ 4:3 ಇರುವ ಹಳೆಯ ಕಾರ್ಯಕ್ರಮ 16:9ರ ಈಗಿನ ಪರದೆಯಲ್ಲಿ ಅಗಲದ ಮುಕ್ಕಾಲು ಭಾಗದಲ್ಲಿ ಕೂರುತ್ತದೆ, ಎರಡೂ ಬದಿ ಕಪ್ಪು ಪಟ್ಟಿ. ಕೊಟ್ಟ ದುಡ್ಡಿಗೆ ಪೂರ್ತಿ ಪರದೆ ಬೇಕೆಂದು ಎಳೆದರೆ ಎಲ್ಲರ ಮುಖವೂ ಮೂರನೇ ಒಂದು ಪಾಲು ದಪ್ಪವಾಗುತ್ತದೆ, ಗೋಡೆ ಗಡಿಯಾರ ಮೊಟ್ಟೆಯಾಗುತ್ತದೆ. ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಕತ್ತರಿ, ಜೊತೆಗೆ ದೋಷಗಳೆಲ್ಲ ಇನ್ನೂ ದೊಡ್ಡವು. ಪಟ್ಟಿ ಇದ್ದರೆ ಇರಲಿ. ಜೂಮಿಗೆ ನಾನು ಒಪ್ಪುವುದು ಒಂದೇ ಸಂದರ್ಭದಲ್ಲಿ: ಅಗಲದ ಸಿನಿಮಾವನ್ನು 4:3ರ ಚೌಕಟ್ಟಿನೊಳಗೆ ಕಪ್ಪು ಪಟ್ಟಿ ಹಾಕಿ ಕಳಿಸಿದಾಗ. ಆಗ ನಾಲ್ಕೂ ಕಡೆ ಕಪ್ಪು, ಪರದೆಯ ಶೇಕಡಾ 56ರಷ್ಟು ಮಾತ್ರ ಚಿತ್ರ.

ಎಸ್‌ಡಿಯಲ್ಲಿ ನೋಡಿದ ಧಾರಾವಾಹಿಗಳೆಲ್ಲ ಶಾಶ್ವತವಾಗಿ ಹೀಗೇ ಇರಬೇಕಿಲ್ಲ, ಅದು ಯಾವುದರ ಮೇಲೆ ಚಿತ್ರೀಕರಣವಾಗಿದೆ ಎಂಬುದರ ಮೇಲೆ ನಿಂತಿದೆ. ಅಮೆರಿಕದ ಧಾರಾವಾಹಿ "ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್" ಒಳ್ಳೆಯ ಉದಾಹರಣೆ. ಅದನ್ನು 35 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದರೂ ಸಂಕಲನ ಮತ್ತು ಎಫೆಕ್ಟುಗಳು ಎಸ್‌ಡಿ ಟೇಪಿನಲ್ಲಿ ನಡೆದಿದ್ದವು. 2012ರಿಂದ ಬಂದ ಬ್ಲೂ-ರೇ ಎಚ್‌ಡಿ ಡಿಸ್ಕಿಗಾಗಿ ನೆಗೆಟಿವ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡಿ ಕಂತುಗಳನ್ನು ಹೊಸದಾಗಿ ಜೋಡಿಸಬೇಕಾಯಿತು. ನೇರವಾಗಿ ವಿಡಿಯೋ ಟೇಪಿನಲ್ಲಿ ತೆಗೆದದ್ದಕ್ಕೆ ಹಿಂದೆ ಹೋಗಲು ಇನ್ನೇನೂ ಇಲ್ಲ. ಬಿಬಿಸಿಯ ಎಷ್ಟೋ ಹಳೆಯ ನಾಟಕಗಳಲ್ಲಿ ಮನೆಯೊಳಗಿನ ದೃಶ್ಯ ಸ್ಟುಡಿಯೋ ವಿಡಿಯೋ, ಬಾಗಿಲು ದಾಟಿ ಹೊರಬಂದರೆ 16 ಎಂಎಂ ಫಿಲ್ಮ್. ಒಳಗಿನದು ಸೆಕೆಂಡಿಗೆ 50 ಫೀಲ್ಡಿನ ಚಲನೆ, ಹೊರಗಿನದು 25 ಫ್ರೇಮಿನದು. ಸಣ್ಣ ಪರದೆಯಲ್ಲಿ ಹೇಗೋ ನಡೆಯುತ್ತಿದ್ದ ಈ ಜಿಗಿತ ದೊಡ್ಡ ಪರದೆಯಲ್ಲಿ ಕಾರ್ಯಕ್ರಮವೇ ಬದಲಾಯಿತೇನೋ ಅನ್ನಿಸುವಷ್ಟು ಎದ್ದು ಕಾಣುತ್ತದೆ.

ಮಾತಿನ ಕೊನೆಗೆ ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಹೊಸ ಟಿವಿಗಳ ಎಐ ಅಪ್‌ಸ್ಕೇಲಿಂಗ್ ಇದನ್ನೆಲ್ಲ ಸರಿಮಾಡುವುದಿಲ್ಲವೇ ಎಂದು ಒಬ್ಬರು ಕೇಳಿದರು. ಸ್ವಚ್ಛ ಡಿವಿಡಿ ಕೊಟ್ಟರೆ ಚೆನ್ನಾಗಿಯೇ ಮಾಡುತ್ತದೆ. ಓರೆ ಗೆರೆಗಳು ನೆಟ್ಟಗಾಗುತ್ತವೆ, ಕೂದಲು ಕೂದಲಿನಂತೆ ಕಾಣುತ್ತದೆ. ಆದರೆ ಅದೂ ಊಹೆಯೇ, ಕಲಿತ ಊಹೆ. ದೂರದ ಬೋರ್ಡಿನ ಮೇಲಿನ ಅಕ್ಷರ ಮೂಲದಲ್ಲೇ ಅಳಿಸಿಹೋಗಿದ್ದರೆ ಅಕ್ಷರದಂತೆ ಕಾಣುವ ಆಕೃತಿ ಸಿಗಬಹುದು, ಓದಲಾಗುವ ಅಕ್ಷರ ಸಿಗುವುದಿಲ್ಲ. ಬಿಟ್ ಸಾಲದ ಚಾನೆಲ್ ಕೊಟ್ಟರೆ ಚೌಕಗಳನ್ನೇ ವಿವರ ಎಂದು ನಂಬಿ ಪಾಲಿಶ್ ಮಾಡಿದ್ದೂ ಉಂಟು.

ಇನ್ನೊಬ್ಬರ ಪ್ರಶ್ನೆ: "1080ರ ಬದಲು 4ಕೆ ತಗೊಂಡರೆ ಎಸ್‌ಡಿ ಇನ್ನೂ ಕೆಡುತ್ತದೆಯೇ?" ಅಳತೆ ಅದೇ ಇದ್ದರೆ ಕೆಡಬೇಕಾಗಿಲ್ಲ. 55 ಇಂಚಿನಲ್ಲಿ ಎಸ್‌ಡಿಯ ಒಂದು ಗೆರೆ ಪರದೆ 1080ರದ್ದಾಗಲಿ 4ಕೆ ಆಗಲಿ 1.19 ಮಿಲಿಮೀಟರೇ. ಒಳಗಿನ ಸ್ಕೇಲರ್, ಅಂದರೆ ಚಿತ್ರ ಹಿಗ್ಗಿಸುವ ಚಿಪ್ಪು, ಉತ್ತಮವಿದ್ದರೆ ತುಸು ಸುಧಾರಿಸಲೂಬಹುದು. ಆದರೆ 4ಕೆ ತರುವ ನೆಪದಲ್ಲಿ 65 ಇಂಚಿಗೆ ಹೋದರೆ ಅದೇ ಗೆರೆ 1.4 ಮಿಲಿಮೀಟರ್ ಆಗುತ್ತದೆ, ಕುರ್ಚಿ ಪರದೆಯಿಂದ 4.8 ಮೀಟರ್ ದೂರಕ್ಕೆ ಹೋಗಬೇಕಾಗುತ್ತದೆ. ಮನೆಯಲ್ಲಿ ಹೆಚ್ಚು ನೋಡುವುದು ಎಸ್‌ಡಿಯೇ ಆಗಿದ್ದರೆ, ಟಿವಿ ಆರಿಸುವ ಮೊದಲು ಆ ಗೋಡೆಯಿಂದ ಸೋಫಾದವರೆಗೆ ಟೇಪು ಹಿಡಿದು ಅಳೆಯಿರಿ.